ಸೆಲ್ಫ್ ಹೊಡೆಯದ ಕಾರು: ಎರಡು ವೋಲ್ಟ್ ಎಲ್ಲಿ ಸೋರುತ್ತಿತ್ತು?

ಕಾರು 2014ರದ್ದು, ಸಣ್ಣ ಪೆಟ್ರೋಲ್ ಗಾಡಿ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ತೋಟದ ಮನೆಯಲ್ಲಿರುವ ನನ್ನ ಸೋದರಮಾವನದು. ಒಂದೂವರೆ ವರ್ಷದಲ್ಲಿ ಅದು ಎರಡು ಬ್ಯಾಟರಿ ತಿಂದಿತ್ತು. ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಬಿಚ್ಚಿಸಿ ದುರಸ್ತಿ ಮಾಡಿಸಿದ್ದಾಗಿತ್ತು, ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಕಾರ್ಬನ್ ಬ್ರಶ್ ಬದಲಾಗಿತ್ತು. ಇಷ್ಟಾದರೂ ಮಳೆಗಾಲದ ಬೆಳಿಗ್ಗೆ ಕೀಲಿ ತಿರುಗಿಸಿದರೆ ಬರುತ್ತಿದ್ದದ್ದು ಟಕ ಟಕ ಎಂಬ ಸದ್ದು ಮಾತ್ರ. ಹೇಗೋ ಸ್ಟಾರ್ಟ್ ಆದ ಮೇಲೂ ಪೇಟೆಯಲ್ಲಿ ಗಾಡಿ ತಿರುಗಿಸಿ ನಿಲ್ಲಿಸುವಾಗ ಸ್ಟೀರಿಂಗ್ ಒಮ್ಮೆಲೇ ಕಲ್ಲಿನಂತೆ ಬಿಗಿಯುತ್ತಿತ್ತು, ಮೀಟರಿನಲ್ಲಿ ಪವರ್ ಸ್ಟೀರಿಂಗಿನ ದೀಪ ಹತ್ತಿಕೊಳ್ಳುತ್ತಿತ್ತು. ತೋರಿಸಿದ ವರ್ಕ್‌ಶಾಪಿನವರು ಸ್ಟೀರಿಂಗಿನ ಎಲೆಕ್ಟ್ರಾನಿಕ್ ಘಟಕವೇ ಹೋಗಿದೆ ಎಂದು ನಲವತ್ತು ಸಾವಿರದ ಹತ್ತಿರ ಲೆಕ್ಕ ಬರೆದು ಕೊಟ್ಟಿದ್ದರು.

"ಹೊಸ ಬ್ಯಾಟರಿ ಹಾಕಿಸಿದ ಮೇಲೆ ಎರಡು ಮೂರು ತಿಂಗಳು ಸರಿ ಇರುತ್ತದೆ ಮಾರಾಯ, ಆಮೇಲೆ ಮತ್ತದೇ ಕತೆ" ಎಂದರು ಮಾವ. ಈ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಹೊಸ ಬ್ಯಾಟರಿ ತಿಂಗಳುಗಟ್ಟಲೆ ತಡೆದುಕೊಂಡು ಆಮೇಲೆ ಸೋಲುತ್ತದೆ ಎಂದರೆ ದೋಷ ಬ್ಯಾಟರಿಯ ಹೊರಗೆ ಇದೆ. ಒಂದೋ ಅದಕ್ಕೆ ಪೂರ್ತಿ ಚಾರ್ಜ್ ಸಿಗುತ್ತಿಲ್ಲ, ಇಲ್ಲವೇ ನಿಂತಲ್ಲೇ ಯಾವುದೋ ದಾರಿಯಲ್ಲಿ ಕರೆಂಟ್ ಸೋರುತ್ತಿದೆ. ಈ ಕಾರಿನಲ್ಲಿ ಎರಡೂ ಇದ್ದವು. ಒಂದನ್ನು ಸರಿಪಡಿಸಿದವರಿಗೆ ಇನ್ನೊಂದು ಕೈಕೊಡುತ್ತಿತ್ತು. ಅದಕ್ಕೇ ಇಷ್ಟು ಕಾಲ ಯಾರಿಗೂ ಸಿಕ್ಕಿರಲಿಲ್ಲ.

ಮೊದಲ ದಿನ ಕಾರಿನ ಯಾವ ನಟ್ಟನ್ನೂ ಸಡಿಲಿಸಲಿಲ್ಲ. ಬ್ಯಾಟರಿ ಅಳೆದೆ: 12.05 ವೋಲ್ಟ್. ವಿರಾಮದಲ್ಲಿರುವ ಸೀಸ-ಆಮ್ಲದ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.7 ತೋರಿಸಬೇಕು. 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. ಕಾಲು ಭಾಗ ಉಳಿದಿರುವ ಬ್ಯಾಟರಿ ಇಟ್ಟುಕೊಂಡು ಕಾರಿನ ಎಲೆಕ್ಟ್ರಾನಿಕ್ಸ್ ಪರೀಕ್ಷಿಸಿದರೆ ಇಲ್ಲದ ದೋಷಗಳೆಲ್ಲ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಹೊರಗಿನ ಚಾರ್ಜರಿಗೆ ರಾತ್ರಿಯಿಡೀ ಹಾಕಿ, ಬೆಳಿಗ್ಗೆ ಬಿಡಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಮತ್ತೆ ಅಳೆದೆ. 12.62. ಬ್ಯಾಟರಿ ಬಳಲಿದೆ, ಸತ್ತಿಲ್ಲ.

ಸ್ಟೀರಿಂಗ್ ಘಟಕದ ಮೇಲಿನ ಆರೋಪವನ್ನು ಮೊದಲು ನೋಡಿಬಿಡೋಣ ಎಂದು ಡ್ಯಾಶ್‌ಬೋರ್ಡಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ, ಅಂದರೆ ಕಾರಿನ ಕಂಪ್ಯೂಟರುಗಳು ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಜಾಗಕ್ಕೆ, ಸ್ಕ್ಯಾನರ್ ಚುಚ್ಚಿದೆ. ಎಂಜಿನ್ ಕಂಪ್ಯೂಟರಿನಲ್ಲಿ ಪಿ0562 ಇತ್ತು, ಅಂದರೆ ವ್ಯವಸ್ಥೆಯ ವೋಲ್ಟೇಜ್ ಕಡಿಮೆ ಎಂಬ ದೂರು. ಸ್ಟೀರಿಂಗ್ ಘಟಕವೂ ಅದೇ ಅರ್ಥದ ಕೋಡ್ ಬರೆದಿಟ್ಟುಕೊಂಡಿತ್ತು. ಘಟಕ ಸತ್ತಿದ್ದರೆ ಅದು ಕೋಡ್ ಬರೆಯುವುದೂ ಇಲ್ಲ, ಸ್ಕ್ಯಾನರಿಗೆ ಉತ್ತರ ಕೊಡುವುದೂ ಇಲ್ಲ. ಈ ಘಟಕಗಳ ನಡುವೆ ಸಂದೇಶ ಸಾಗುವ ಕ್ಯಾನ್ ಎಂಬ ಜೋಡಿ ತಂತಿಗಳನ್ನೂ ಪರೀಕ್ಷಿಸಿದೆ. ಬ್ಯಾಟರಿ ಕಳಚಿ ಕೆಲವು ನಿಮಿಷ ಬಿಟ್ಟು ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ರೋಧ ಅಳೆದರೆ 60 ಓಮ್ ಬರಬೇಕು. ತಂತಿಯ ಎರಡೂ ತುದಿಗಳಲ್ಲಿ 120 ಓಮಿನ ರೆಸಿಸ್ಟರುಗಳಿರುತ್ತವೆ, ಅವೆರಡೂ ಸಮಾಂತರದಲ್ಲಿ ಸೇರಿ 60 ಆಗುತ್ತದೆ. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ. ಇಲ್ಲಿ 60.4 ಬಂತು. ಹೀಗಾಗಿ ಸ್ಟೀರಿಂಗ್ ಘಟಕದ ತಂಟೆಗೆ ನಾನು ಹೋಗಲಿಲ್ಲ. ಸ್ಟೀರಿಂಗಿನ ಮೋಟಾರ್ ನಿಂತಲ್ಲೇ ಚಕ್ರ ತಿರುಗಿಸುವಾಗ ಹತ್ತಾರು ಆಂಪಿಯರ್ ಎಳೆಯುತ್ತದೆ. ಆ ಹೊತ್ತಿಗೆ ವೋಲ್ಟೇಜ್ ಕುಸಿದರೆ ಘಟಕ ತನ್ನನ್ನು ಉಳಿಸಿಕೊಳ್ಳಲು ಸಹಾಯ ನಿಲ್ಲಿಸಿ ದೀಪ ಹೊತ್ತಿಸುತ್ತದೆ. ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು.

ಇನ್ನು ಅಸಲು ಕೆಲಸ. ಹಿಂದೆ ಈ ಕಾರನ್ನು ನೋಡಿದ ಎಲೆಕ್ಟ್ರಿಷಿಯನ್ ಒಬ್ಬರು ಬ್ಯಾಟರಿಯ ಮೈನಸ್ ಕಂಬದಿಂದ ಎಂಜಿನ್ನಿನ ಕಡೆಗೆ ಹೋಗುವ ಅರ್ಥ್ ಕೇಬಲನ್ನು ಮಲ್ಟಿಮೀಟರಿನ ಓಮ್ ಶ್ರೇಣಿಯಲ್ಲಿ ಅಳೆದು, "ಕೇಬಲ್ ಚೆನ್ನಾಗಿದೆ" ಎಂದಿದ್ದರಂತೆ. ನಾನೂ ಮಾವನ ಎದುರಿಗೆ ಹಾಗೆಯೇ ಅಳೆದು ತೋರಿಸಿದೆ. ಪ್ರೋಬಿನ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ 0.3 ಓಮ್. ಕೇಬಲಿನ ಎರಡು ತುದಿಗೆ ಮುಟ್ಟಿಸಿದರೂ 0.3 ಓಮ್. ಮೀಟರಿಗೆ ವ್ಯತ್ಯಾಸವೇ ಕಾಣುತ್ತಿಲ್ಲ. ಆದರೆ ಸೆಲ್ಫ್ ಮೋಟಾರ್ ಎಳೆಯುವ ಕರೆಂಟ್ ಇಂಥ ಸಣ್ಣ ಎಂಜಿನ್ನಿನಲ್ಲೂ ನೂರು ಆಂಪಿಯರಿನ ಆಸುಪಾಸು. ನೂರು ಆಂಪಿಯರಿಗೆ 0.02 ಓಮ್ ಅಡ್ಡಬಂದರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 0.3ರ ಕೆಳಗೆ ಕಣ್ಣು ಕಾಣದ ಮೀಟರ್ ಆ 0.02ನ್ನು ಎಲ್ಲಿಂದ ಹಿಡಿದೀತು?

ಮಾವನಿಗೆ ಹೀಗೆ ಹೇಳಿದೆ: "ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಅರ್ಧಕ್ಕೆ ಕೆಸರು ಕಟ್ಟಿದ್ದರೂ ವಾಲ್ವ್ ಮುಚ್ಚಿದ್ದಾಗ ಗೇಜಿನಲ್ಲಿ ಪೂರ್ತಿ ಒತ್ತಡ ಬರುತ್ತದಲ್ಲ ಮಾವ? ವಾಲ್ವ್ ತೆರೆದು ನೀರು ಹರಿಯುವಾಗ ನೋಡಿದರೆ ತಾನೇ ಗೊತ್ತಾಗುವುದು?" ಅವರಿಗೆ ಮುಂದೆ ವಿವರಿಸುವ ಅಗತ್ಯ ಬೀಳಲಿಲ್ಲ. ನಾನು ಹೇಳುವ ಮೊದಲೇ ಸೀಟಿನಲ್ಲಿ ಕುಳಿತು ಕೀಲಿ ಹಿಡಿದರು.

ಕರೆಂಟ್ ಹರಿಯುತ್ತಿರುವಾಗ ದಾರಿಯ ಎರಡು ಬಿಂದುಗಳ ನಡುವೆ ವೋಲ್ಟೇಜ್ ಅಳೆಯುವುದಕ್ಕೆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಎನ್ನುತ್ತಾರೆ. ಕಾರಿನ ವೈರಿಂಗ್ ದೋಷ ಹುಡುಕಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ದುಬಾರಿ ಸಲಕರಣೆ ಬೇಡ, ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಸ್ಟಾರ್ಟ್ ಆಗದಂತೆ ಕಾರಿನ ಪೆಟ್ರೋಲ್ ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚನ್ನು, ಅಂದರೆ ರಿಲೇಯನ್ನು, ಕಿತ್ತಿಟ್ಟೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲೆ. ಒಂದೊಂದು ಸಲಕ್ಕೆ ನಾಲ್ಕೈದು ಸೆಕೆಂಡು ಮಾತ್ರ ಸೆಲ್ಫ್ ಹೊಡೆಯುವುದು, ನಡುವೆ ಮೋಟಾರ್ ಆರಲು ಬಿಡುವುದು.

ಬ್ಯಾಟರಿಯ ಎರಡು ಕಂಬಗಳ ನಡುವೆ, ಸೆಲ್ಫ್ ಹೊಡೆಯುವಾಗ: 10.4 ವೋಲ್ಟ್. ಚೆನ್ನಾಗಿದೆ. 9.6ಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿಯನ್ನು ಶಂಕಿಸುತ್ತಿದ್ದೆ. ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ಅದರ ಲೋಹದ ಮೈಗೂ ನಡುವೆ: 8.1. ಹೊರಟದ್ದು 10.4, ತಲುಪಿದ್ದು 8.1. ಹಾದಿಯಲ್ಲಿ 2.3 ವೋಲ್ಟ್ ಮಾಯ.

ಪ್ಲಸ್ ಕಡೆಯಿಂದ ಹುಡುಕಿದೆ. ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ಬೋಲ್ಟಿನವರೆಗೆ 0.28. ಅಲ್ಲಿ ಅರ್ಧ ವೋಲ್ಟಿನವರೆಗೆ ಸಹಿಸಬಹುದು. ಮೈನಸ್ ಕಂಬದಿಂದ ಎಂಜಿನ್ನಿನ ಲೋಹಕ್ಕೆ 2.0. ಇಲ್ಲಿ 0.2 ದಾಟಬಾರದು. ಎರಡು ವೋಲ್ಟ್ ನೂರು ಆಂಪಿಯರಿನಲ್ಲಿ ಕಳೆದರೆ 200 ವಾಟ್ ಶಾಖ. ಪ್ರೋಬ್ ಪಕ್ಕಕ್ಕಿಟ್ಟು ಗೇರ್‌ಬಾಕ್ಸ್ ಕಡೆಯ ಜೋಡಣೆಯ ಮೇಲೆ ಬೆರಳಿಟ್ಟೆ. ಬೆಚ್ಚಗಿತ್ತು.

ಇನ್ನೂ ಸಣ್ಣ ತುಂಡುಗಳಾಗಿ ಅಳೆದೆ. ಕಂಬದಿಂದ ಅದನ್ನು ಹಿಡಿದಿರುವ ಕ್ಲ್ಯಾಂಪಿಗೆ 0.05. ಕ್ಲ್ಯಾಂಪಿನಿಂದ ಕೇಬಲಿನ ಇನ್ನೊಂದು ತುದಿಯ ಲಗ್ಗಿಗೆ (ಬೋಲ್ಟ್ ತೂರಿಸುವ ಲೋಹದ ಬಳೆಗೆ) 0.55. ಲಗ್ಗಿನಿಂದ, ಅದೇ ಲಗ್ಗನ್ನು ಒತ್ತಿ ಹಿಡಿದ ಗೇರ್‌ಬಾಕ್ಸಿನ ಮೈಗೆ 1.4. ಎರಡು ಲೋಹಗಳು ಬೋಲ್ಟಿನಿಂದ ಬಿಗಿಯಾಗಿ ಅಂಟಿಕೊಂಡಿವೆ, ಅವುಗಳ ನಡುವೆ ಒಂದು ಕೂದಲೆಳೆಯಷ್ಟೂ ಸಂದು ಕಾಣುವುದಿಲ್ಲ, ಆದರೂ ಪ್ರೋಬಿನ ಒಂದು ಮೊನೆ ಇತ್ತ, ಇನ್ನೊಂದು ಮೊನೆ ಅತ್ತ ಇಟ್ಟರೆ ಮೀಟರಿನಲ್ಲಿ ಒಂದೂವರೆ ವೋಲ್ಟಿನ ಹತ್ತಿರ. ಪಕ್ಕದಲ್ಲಿ ನಿಂತಿದ್ದ ಮಾವನ ಮಗಳು ಅಳೆಯುವುದನ್ನು ತಾನೇ ಮಾಡಿ ನೋಡಿದಳು. ಅವಳು ಡಿಪ್ಲೊಮಾ ಓದುತ್ತಿದ್ದಾಳೆ. ಓಮನ ನಿಯಮ ಪುಸ್ತಕದಲ್ಲಿ ಬಂದದ್ದು ಇಲ್ಲಿ ಗ್ರೀಸ್ ಮೆತ್ತಿದ ಬೋಲ್ಟಿನ ಮೇಲೆ ಕಂಡಿತು ಎಂದು ಅವಳಿಗೆ ಬಹಳ ಖುಷಿಯಾಯಿತು, ನನಗೂ.

ಬ್ಯಾಟರಿಯ ಮೈನಸ್ ಕ್ಲ್ಯಾಂಪನ್ನು ಮೊದಲು ಕಳಚಿದೆ. ಯಾವಾಗಲೂ ಮೈನಸ್ ಮೊದಲು ಬಿಚ್ಚಬೇಕು, ಕೊನೆಯಲ್ಲಿ ಹಾಕಬೇಕು. ಪ್ಲಸ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿದ ಕ್ಷಣ ನೇರ ಶಾರ್ಟ್ ಆಗುತ್ತದೆ, ಬ್ಯಾಟರಿಯ ಸುತ್ತ ಹೈಡ್ರೋಜನ್ ಇದ್ದರೆ ಅದು ಸಿಡಿಯಲೂಬಹುದು. ಆಮೇಲೆ ಗೇರ್‌ಬಾಕ್ಸಿನ ಬೋಲ್ಟ್ ತೆಗೆದೆ. ಹೊರಗಿನಿಂದ ಏನೂ ತೋರದಿದ್ದ ಲಗ್ಗಿನ ಒಳಮುಖ ಕಪ್ಪಾಗಿತ್ತು. ಅದರ ಎದುರು ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಮೇಲೆ ಬಿಳಿಯ ಪುಡಿ ದಪ್ಪಗೆ ಕೂತಿತ್ತು. ತಾಮ್ರವೂ ಅಲ್ಯೂಮಿನಿಯಂ ಕೂಡ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ಸವೆದು ಉಳಿಯುವ ಪುಡಿ ಕರೆಂಟ್ ಬಿಡುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ತೋಟದ ದಾರಿಯ ಕೆಸರು. ಈ ಜೋಡಣೆ ಇರುವ ಜಾಗವೂ ಚಕ್ರದಿಂದ ಎರಚಿದ ನೀರು ಬಂದು ಬೀಳುವಂಥದು. ಕೇಬಲಿನ ಮೇಲಿನ ಪ್ಲಾಸ್ಟಿಕ್ಕನ್ನು ಲಗ್ಗಿನ ಬಳಿ ಸ್ವಲ್ಪ ಸೀಳಿದೆ. ತಾಮ್ರದ ಎಳೆಗಳು ಹಸಿರಾಗಿ ಮುಟ್ಟಿದರೆ ಪುಡಿಯಾಗುತ್ತಿದ್ದವು. 0.55 ವೋಲ್ಟ್ ಹೋಗುತ್ತಿದ್ದದ್ದು ಅಲ್ಲಿ. ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯೂ ಅರ್ಧಕ್ಕರ್ಧ ಹರಿದಿತ್ತು.

ಬ್ಯಾಟರಿಗಳನ್ನು ಕೊಂದದ್ದೂ ಇದೇ ಜೋಡಣೆ. ಆಲ್ಟರ್ನೇಟರ್ ಎಂಜಿನ್ನಿಗೆ ಬಿಗಿದುಕೊಂಡಿರುತ್ತದೆ. ಅದು ಹೊರಡಿಸುವ ಕರೆಂಟೆಲ್ಲ ಹಿಂದಿರುಗುವುದು ಎಂಜಿನ್ನಿನ ಮೈಯಿಂದಲೇ. ಬಿಚ್ಚುವ ಮೊದಲು ಹೆಡ್‌ಲೈಟ್, ಬ್ಲೋವರ್, ವೈಪರ್, ರೇಡಿಯೇಟರ್ ಫ್ಯಾನ್ ಎಲ್ಲ ಹಾಕಿ ಅಳೆದು ಬರೆದುಕೊಂಡಿದ್ದೆ. ಆಲ್ಟರ್ನೇಟರಿನ ಬೋಲ್ಟಿಗೂ ಅದರ ಮೈಗೂ 14.3 ವೋಲ್ಟ್ ಇತ್ತು. ಬ್ಯಾಟರಿಗೆ ಮುಟ್ಟುತ್ತಿದ್ದದ್ದು 13.2. ಪ್ಲಸ್ ಕಡೆ 0.2, ಮೈನಸ್ ಕಡೆ 0.9 ಸೋರುತ್ತಿತ್ತು. 13.2ರಲ್ಲಿ ಬ್ಯಾಟರಿ ಎಂದೂ ತುಂಬುವುದಿಲ್ಲ. ಮನೆಯಿಂದ ಪೇಟೆಗೆ ಹೋಗಿಬರುವ ಚಿಕ್ಕ ದಾರಿಯಲ್ಲಂತೂ ಮೊದಲೇ ಇಲ್ಲ. ಅರೆಬರೆ ತುಂಬಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಮತ್ತೆ ಕರಗುವುದಿಲ್ಲ. ಆಲ್ಟರ್ನೇಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಬಿಚ್ಚಿ ರಿಪೇರಿ ಮಾಡುವ ಮುನ್ನ ಬೋಲ್ಟಿನಲ್ಲೂ ಬ್ಯಾಟರಿಯಲ್ಲೂ ಒಂದೊಂದು ಸಲ ಅಳೆದಿದ್ದರೆ ಮಾವನ ಆ ಖರ್ಚು ಉಳಿಯುತ್ತಿತ್ತು. ಇದನ್ನು ನೆನೆದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹೊಸ ಕೇಬಲಿಗೆ 25 ಚದರ ಮಿಲಿಮೀಟರಿನ ಬಹುಎಳೆಯ ತಾಮ್ರದ ತಂತಿ, ತವರ ಲೇಪಿಸಿದ ತಾಮ್ರದ ಲಗ್ಗುಗಳನ್ನು ತಂದೆ. ಲಗ್ಗನ್ನು ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಲ್ಲಿ ಒತ್ತಿಸಿದೆ. ಇಂಥ ಕಡೆ ಬೆಸುಗೆಗಿಂತ ಒತ್ತಿದ ಜೋಡಣೆ ಒಳ್ಳೆಯದು. ಬೆಸುಗೆಯ ಸೀಸ ಎಳೆಗಳ ನಡುವೆ ಏರಿ ತಂತಿಯನ್ನು ಗಡುಸು ಮಾಡುತ್ತದೆ, ಎಂಜಿನ್ನಿನ ಅದುರಿಗೆ ಅದು ಅಲ್ಲೇ ಮುರಿಯುತ್ತದೆ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ತುದಿ ಮುಚ್ಚಿದೆ. ಗೇರ್‌ಬಾಕ್ಸಿನ ಮುಖವನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಲಗ್ಗನ್ನು ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿದೆ. ಹರಿದ ಪಟ್ಟಿಯನ್ನೂ ಬದಲಿಸಿದೆ. ಎಲ್ಲ ಸೇರಿ ಸಾಮಾನಿನ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಮತ್ತೆ ಅಳತೆ. ಸೆಲ್ಫ್ ಹೊಡೆಯುವಾಗ ಮೈನಸ್ ಕಡೆಯ ಸೋರಿಕೆ 2.0ರಿಂದ 0.11ಕ್ಕೆ ಇಳಿದಿತ್ತು. ಬ್ಯಾಟರಿಯ ಕಂಬಗಳಲ್ಲಿ 10.3, ಅಂದರೆ ಮೊದಲಿಗಿಂತ ಕೂದಲೆಳೆ ಕಡಿಮೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಮೋಟಾರ್ ಈಗ ತನಗೆ ಬೇಕಾದಷ್ಟು ಎಳೆದುಕೊಂಡು ಜೋರಾಗಿ ತಿರುಗುತ್ತಿದೆ, ಅದಕ್ಕೆ ತಲುಪುತ್ತಿರುವುದು 9.9 ವೋಲ್ಟ್. ಕಿವಿಗೇ ವ್ಯತ್ಯಾಸ ಗೊತ್ತಾಗುವಂತಿತ್ತು. ರಿಲೇ ಹಾಕಿ, ಸ್ಟಾರ್ಟ್ ಮಾಡಿ, ಅವೇ ದೀಪ ಫ್ಯಾನುಗಳನ್ನು ಹಾಕಿದರೆ ಬ್ಯಾಟರಿಯಲ್ಲಿ 14.05. ನಿಂತಲ್ಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ದೀಪ ಹತ್ತಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಕಾರು ಮತ್ತೆ ಕೈಕೊಡುತ್ತಿತ್ತು. ಎರಡು ದಿನ ನಿಂತರೆ ಸಾಕು, ಸೆಲ್ಫ್ ತೆಗೆದುಕೊಳ್ಳುವುದಿಲ್ಲ ಎಂದು ಮಾವ ಹೇಳಿದ್ದು ನೆನಪಿತ್ತು. ಕೀಲಿ ತೆಗೆದು ಗಂಟೆಗಟ್ಟಲೆ ನಿಂತ ಕಾರು ಎಷ್ಟು ಕರೆಂಟ್ ತಿನ್ನುತ್ತದೆ ಎಂದು ನೋಡಬೇಕಿತ್ತು.

ಇದನ್ನು ಅಳೆಯಲು ತಾಳ್ಮೆ ಬೇಕು. ಮೀಟರನ್ನು 10 ಆಂಪಿಯರಿನ ಶ್ರೇಣಿಗಿಟ್ಟು, ಬ್ಯಾಟರಿಯ ಮೈನಸ್ ಕಂಬಕ್ಕೂ ಕಳಚಬೇಕಾದ ಕ್ಲ್ಯಾಂಪಿಗೂ ಮೊದಲೇ ಪ್ರೋಬ್ ಜೋಡಿಸಿ, ಆಮೇಲೆ ಕ್ಲ್ಯಾಂಪನ್ನು ಮೇಲಕ್ಕೆತ್ತಬೇಕು. ಹಾಗೆ ಮಾಡಿದರೆ ಕಾರಿನ ಕಂಪ್ಯೂಟರುಗಳಿಗೆ ಕರೆಂಟ್ ತಪ್ಪುವುದಿಲ್ಲ, ಅವು ಎಚ್ಚರಗೊಳ್ಳುವುದೂ ಇಲ್ಲ. ಬಾಗಿಲ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿಕೊಳ್ಳುವಂತೆ ಮಾಡಿದರೆ, ಬಾಗಿಲು ತೆರೆದಿದ್ದರೂ ಕಾರು ಅದು ಮುಚ್ಚಿದೆ ಎಂದೇ ತಿಳಿಯುತ್ತದೆ. ಮೀಟರ್ ಹೀಗೆ ಜೋಡಿಸಿರುವಾಗ ಯಾರೂ ಕೀಲಿ ಮುಟ್ಟಬಾರದು, ಮುಟ್ಟಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಮಾವ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅಡಿಕೆ ಸುಲಿಯುವವರ ಕಡೆ ಹೋದರು.

ಮೊದಲು 3 ಆಂಪಿಯರ್ ದಾಟಿತ್ತು. ಸ್ವಲ್ಪ ಹೊತ್ತಿಗೆ ಒಂದೊಂದೇ ಘಟಕ ನಿದ್ದೆಗೆ ಜಾರಿ ಅಂಕಿ ಇಳಿಯುತ್ತ ಬಂತು. ಕೆಲವು ಕಾರುಗಳು ಹತ್ತು ನಿಮಿಷದಲ್ಲಿ ಮಲಗುತ್ತವೆ, ಕೆಲವಕ್ಕೆ ಅರ್ಧ ಗಂಟೆ ದಾಟುತ್ತದೆ. ಇದು 0.38ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಸಾಮಾನ್ಯವಾಗಿ 0.05ರ ಒಳಗೆ ಇರಬೇಕು. 0.38 ಆಂಪಿಯರ್ ದಿನಕ್ಕೆ 9 ಆಂಪಿಯರ್-ಗಂಟೆ. ಇದರ ಬ್ಯಾಟರಿಯೇ 35 ಆಂಪಿಯರ್-ಗಂಟೆಯದು. ಎರಡು ದಿನ ನಿಂತರೆ ಅರ್ಧ ಖಾಲಿ.

ಇಲ್ಲಿ ಬಹಳ ಜನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಅಂಕಿ ಯಾವಾಗ ಬೀಳುತ್ತದೆ ಎಂದು ನೋಡುತ್ತಾರೆ. ಕಿತ್ತು ಹಾಕುವಾಗ ಮಲಗಿದ್ದ ಘಟಕ ಎದ್ದರೆ ಮತ್ತೆ ಅರ್ಧ ಗಂಟೆ ಕಾಯಬೇಕು. ಫ್ಯೂಸನ್ನು ಕೀಳದೆ ಅದರ ಮೇಲೆಯೇ ಮಿಲಿವೋಲ್ಟ್ ಅಳೆಯುವುದು ಮೇಲು. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆಗಳು ಕಾಣುತ್ತವೆ, ಅವು ಪ್ರೋಬ್ ಮುಟ್ಟಿಸಲೆಂದೇ ಇರುವುದು. ಮೀಟರನ್ನು 200 ಮಿಲಿವೋಲ್ಟ್ ಶ್ರೇಣಿಗಿಟ್ಟು ಸಾಲಾಗಿ ಮುಟ್ಟಿಸುತ್ತ ಹೋಗಬೇಕು. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ. ಸೊನ್ನೆ, ಸೊನ್ನೆ, 0.1, ಸೊನ್ನೆ ಎಂದು ಸಾಗಿ, ನೀಲಿ ಬಣ್ಣದ 15 ಆಂಪಿಯರ್ ಫ್ಯೂಸಿಗೆ ಬಂದಾಗ 1.8 ಮಿಲಿವೋಲ್ಟ್ ತೋರಿಸಿತು. ಈ ಗಾತ್ರದ ಸಣ್ಣ ಬ್ಲೇಡ್ ಫ್ಯೂಸಿನ ರೋಧ ಸುಮಾರು 5 ಮಿಲಿಓಮ್. ಭಾಗಿಸಿದರೆ 0.36 ಆಂಪಿಯರ್. ಕಳ್ಳ ಈ ಸಾಲಿನಲ್ಲೇ ಇದ್ದಾನೆ.

ಆ ಫ್ಯೂಸಿನಿಂದ ಹೊರಡುವ ತಂತಿ ಒಳಗಿನ ದೀಪಕ್ಕೂ ಓಬಿಡಿ ಸಾಕೆಟ್ಟಿಗೂ ಮ್ಯೂಸಿಕ್ ಸಿಸ್ಟಮಿಗೂ ಹೋಗುತ್ತದೆ. ಕಾರಿನೊಂದಿಗೆ ಬಂದ ಮ್ಯೂಸಿಕ್ ಸಿಸ್ಟಮ್ ತೆಗೆಸಿ ಮಾವ ಪರದೆಯಿರುವ ಹೊಸದನ್ನು ಹಾಕಿಸಿದ್ದರು. ಅದನ್ನು ಹೊರಗೆಳೆದು ಹಿಂದೆ ನೋಡಿದೆ. ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಸಾಲಿಗೆ ಸೇರಬೇಕು. ಇಲ್ಲಿ ಕೆಂಪು, ಹಳದಿ ಎರಡನ್ನೂ ಹೊಸೆದು ಒಂದೇ ಟೇಪ್ ಸುತ್ತಿದ್ದರು. ಪರದೆ ಆರಿದ್ದರೂ ಒಳಗಿನ ಕಂಪ್ಯೂಟರ್ ರಾತ್ರಿಯಿಡೀ ಎಚ್ಚರವಾಗಿಯೇ ಇರುತ್ತಿತ್ತು.

ಮಾವನನ್ನು ಕೇಳಿದೆ. "ನಾನೇ ಹೇಳಿ ಹಾಕಿಸಿದ್ದು. ಕೀಲಿ ತೆಗೆದ ಮೇಲೂ ಯಕ್ಷಗಾನದ ಪದ ಕೇಳಬೇಕಿತ್ತು" ಎಂದರು. ಬೇಡಿಕೆ ನ್ಯಾಯವಾದದ್ದೇ. ಕೆಂಪು ತಂತಿಯನ್ನು ಬಿಡಿಸಿ, ಟೆಸ್ಟ್ ಲ್ಯಾಂಪ್ ಹಿಡಿದು ಕೀಲಿಯ ಮೊದಲ ಹಂತದಲ್ಲಿ ಮಾತ್ರ ಕರೆಂಟ್ ಬರುವ ತಂತಿಯನ್ನು ಗುರುತಿಸಿ, ಅದಕ್ಕೆ ಸೇರಿಸಿದೆ. ಆ ಭಾಗದಲ್ಲಿ ಹಳದಿ ಕವಚದ ಏರ್‌ಬ್ಯಾಗ್ ತಂತಿಗಳೂ ಹಾದು ಹೋಗುತ್ತವೆ. ಅವಕ್ಕೆ ಟೆಸ್ಟ್ ಲ್ಯಾಂಪನ್ನಾಗಲಿ ಮೀಟರನ್ನಾಗಲಿ ಮುಟ್ಟಿಸಲೇಬಾರದು. ಇನ್ನು ಮೇಲೆ ಕೀಲಿಯನ್ನು ಒಂದು ಹಂತ ತಿರುಗಿಸಿಟ್ಟರೆ ಪದ ಕೇಳಬಹುದು, ಕೀಲಿ ತೆಗೆದರೆ ಎಲ್ಲ ಮಲಗುತ್ತದೆ. ಮತ್ತೆ ಅಳೆದಾಗ 0.024 ಆಂಪಿಯರ್. ಇಷ್ಟು ಸೋರಿದರೆ ಕಾರು ವಾರಗಟ್ಟಲೆ ನಿಂತರೂ ತೊಂದರೆಯಿಲ್ಲ.

ಹಿಂದಿನ ಎಡಗಡೆಯ ದೀಪದ ಒಂದು ಸಣ್ಣ ರಗಳೆಯೂ ಇತ್ತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಮಿನುಗುತ್ತಿತ್ತು. ಒಂದು ದೀಪದ ಕರೆಂಟ್ ಅರ್ಥ್ ಸಿಗದೆ ಪಕ್ಕದ ದೀಪದ ಫಿಲಮೆಂಟಿನೊಳಗೆ ನುಗ್ಗಿ ದಾರಿ ಹುಡುಕಿಕೊಂಡಾಗ ಹೀಗಾಗುತ್ತದೆ. ಬ್ರೇಕ್ ಒತ್ತಿಸಿ ದೀಪದ ಹೋಲ್ಡರಿನ ಅರ್ಥ್ ಪಿನ್ನಿನಲ್ಲಿ ಅಳೆದರೆ 4 ವೋಲ್ಟ್ ಬಂತು, ಅಲ್ಲಿ ಸೊನ್ನೆ ಇರಬೇಕು. ಡಿಕ್ಕಿಯ ಒಳಗೆ ಅರ್ಥ್ ಬೋಲ್ಟ್ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದ ಮೇಲೆ ಸರಿಹೋಯಿತು.

ಬ್ಯಾಟರಿಯನ್ನು ಬದಲಿಸಲಿಲ್ಲ. ಇಷ್ಟು ಕಾಲ ಹಸಿದಿದ್ದರಿಂದ ಅದರ ಆಯುಷ್ಯ ಸ್ವಲ್ಪ ತಗ್ಗಿರುವುದು ಖಂಡಿತ, ಆದರೂ ಸೆಲ್ಫ್ ಹೊಡೆಯುವಾಗ 10.3ರಲ್ಲಿ ನಿಲ್ಲುವವರೆಗೆ ಅದನ್ನು ಎಸೆಯಲು ಕಾರಣವಿಲ್ಲ. ಎಲ್ಲ ಅಳತೆಗಳನ್ನೂ ಒಂದು ಹಾಳೆಯಲ್ಲಿ ಬರೆದು ಕಾರಿನ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ಮಾವನ ಮಗಳು ತಿಂಗಳಿಗೊಮ್ಮೆ ಸೆಲ್ಫ್ ಹೊಡೆಯುವಾಗ ಮೈನಸ್ ಕಂಬದಿಂದ ಎಂಜಿನ್ನಿಗೆ ಅಳೆದು ಅದರಲ್ಲೇ ಬರೆಯುತ್ತಾಳೆ. 0.2 ದಾಟಿದರೆ ಗೇರ್‌ಬಾಕ್ಸಿನ ಬೋಲ್ಟ್ ಬಿಚ್ಚಿ ಮತ್ತೆ ಉಜ್ಜಬೇಕು. ಮುಂದಿನ ಎಡಬಾಗಿಲ ಕಾರ್ಪೆಟ್ಟಿನ ಕೆಳಗಿರುವ ಅರ್ಥ್ ಜೋಡಣೆಯನ್ನು ಇನ್ನೂ ನೋಡಿಲ್ಲ. ಕಾರ್ಪೆಟ್ ಒದ್ದೆಯಾಗಿದೆ, ಮಳೆ ನಿಂತು ಒಣಗಿದ ಮೇಲೆ ಅದನ್ನು ಎತ್ತಬೇಕು.